ನೋಂದಣಿ ಪುಸ್ತಕದಲ್ಲಿ ಕನ್ನಡ: ಗಡಿಯಾಚೆಯ ಸಂಘಗಳ ಕಾನೂನು ಚರಿತ್ರೆ

ಗಡಿಯಾಚೆಯ ಕನ್ನಡದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಮೂರು ಬಗೆಯ ಆಕರಗಳನ್ನು ಆಶ್ರಯಿಸಿದ್ದಾರೆ: ಏಕೀಕರಣ ಚಳವಳಿಯ ಸ್ಮರಣೆಗಳು, ಗಡಿಯನ್ನು ಕುರಿತ ಆಯೋಗಗಳ ವರದಿಗಳು ಮತ್ತು ಜನಗಣತಿಯ ಕೋಷ್ಟಕಗಳು. ನಾಲ್ಕನೆಯ ಒಂದು ಆಕರ ಜಿಲ್ಲಾ ಕಚೇರಿಗಳ ಕಪಾಟುಗಳಲ್ಲಿದೆ. ಒಂದು ಶಾಲೆಯ ಆಡಳಿತ ಮಂಡಳಿ, ಒಂದು ವಾಚನಾಲಯ, ಒಂದು ಯಕ್ಷಗಾನ ಕಲಾಸಂಘ, ಒಂದು ಸಾಹಿತ್ಯ ವೇದಿಕೆ, ಇವುಗಳಲ್ಲಿ ನೋಂದಣಿಯಾದ ಪ್ರತಿಯೊಂದಕ್ಕೂ ಸರ್ಕಾರದ ಬಳಿ ಒಂದು ಕಡತವಿರುತ್ತದೆ. ಸಂಸ್ಥೆಯ ಧ್ಯೇಯೋದ್ದೇಶಗಳನ್ನು ಹೇಳುವ ಜ್ಞಾಪನಾಪತ್ರ, ನಿಯಮಾವಳಿ, ವರ್ಷವರ್ಷವೂ ಸಲ್ಲಿಸಬೇಕಾದ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಮುಂತಾದವು ಅದರಲ್ಲಿ ಸೇರುತ್ತವೆ. ಸಾಹಿತ್ಯದ ಅಭ್ಯಾಸಿಗಳು ಇಂತಹ ಕಾಗದಗಳನ್ನು ಓದುವುದು ವಿರಳ. ಆದರೆ ಈ ಸಂಸ್ಥೆಗಳ ಆಸ್ತಿ, ಅವುಗಳ ಪ್ರತಿನಿಧಿಗಳ ಅಧಿಕಾರ ಮತ್ತು ಭಾಷಾ ಅಲ್ಪಸಂಖ್ಯಾತರೆಂಬ ಅವುಗಳ ಹಕ್ಕು ಇವೇ ಕಾಗದಗಳ ಮೇಲೆ ನಿಂತಿವೆ.

ಈ ಕಡತವನ್ನು ಹುಟ್ಟಿಸಿದ ಕಾನೂನು 1860ರಿಂದ ಇಂದಿನವರೆಗೆ ಹೇಗೆ ಬದಲಾಯಿತು, ಆ ಬದಲಾವಣೆ ಗಡಿಯಾಚೆಯ ಕನ್ನಡ ಸಂಸ್ಥೆಗಳ ಮೇಲೆ ಯಾವ ಬಗೆಯ ಹೊರೆಯನ್ನು ಹೊರಿಸಿತು ಎಂಬುದು ಈ ಲೇಖನದ ವಿಷಯ. ಒಮ್ಮೆ ಬರೆಸಿದರೆ ಸಾಕೆಂಬ ಕಲ್ಪನೆಯಿಂದ ಹೊರಟ ಕಾನೂನು, ಮತ್ತೆ ಮತ್ತೆ ರುಜುವಾತು ಪಡಿಸಬೇಕೆಂಬ ಕಲ್ಪನೆಯತ್ತ ಸಾಗಿದೆ. ಈ ಪಯಣ ಎಲ್ಲ ಸಂಘಗಳಿಗೂ ಸಮಾನವಾದುದಾದರೂ ಭಾಷಾ ಅಲ್ಪಸಂಖ್ಯಾತರ ಪಾಲಿಗೆ ಅದರ ಪರಿಣಾಮ ಬೇರೆಯದಾಗಿದೆ.

1860ರ ಕಾಯ್ದೆ

ಬ್ರಿಟಿಷ್ ಭಾರತದ ಸಂಘಗಳ ನೋಂದಣಿ ಕಾಯ್ದೆ 1860ರ 21ನೆಯ ಕಾಯ್ದೆ. ಆ ವರ್ಷದ ಮೇ 21ರಂದು ಅದಕ್ಕೆ ಅಂಗೀಕಾರ ದೊರೆಯಿತು. 1854ರ ಇಂಗ್ಲೆಂಡಿನ ಸಾಹಿತ್ಯಕ ಮತ್ತು ವೈಜ್ಞಾನಿಕ ಸಂಸ್ಥೆಗಳ ಕಾಯ್ದೆ ಅದಕ್ಕೆ ಮಾದರಿ. ಇಪ್ಪತ್ತು ಸೆಕ್ಷನ್‌ಗಳ ಈ ಚಿಕ್ಕ ಕಾಯ್ದೆ ತನ್ನ ಪೀಠಿಕೆಯಲ್ಲಿ ಹೆಸರಿಸುವ ಉದ್ದೇಶಗಳಲ್ಲಿ ಸಾಹಿತ್ಯಕ್ಕೇ ಮೊದಲ ಸ್ಥಾನ. ವಿಜ್ಞಾನ, ಲಲಿತಕಲೆ, ಉಪಯುಕ್ತ ಜ್ಞಾನದ ಪ್ರಸಾರ ಮತ್ತು ಧರ್ಮಕಾರ್ಯ ಆಮೇಲೆ ಬರುತ್ತವೆ. ಕೊನೆಯ ಸೆಕ್ಷನ್ನಿನ ಪಟ್ಟಿಯಲ್ಲಿ ಗ್ರಂಥಾಲಯ, ವಾಚನಾಲಯ, ವಸ್ತುಸಂಗ್ರಹಾಲಯ, ಚಿತ್ರಶಾಲೆಗಳೂ ಸೇರಿವೆ. ರಾಜಕೀಯ ಶಿಕ್ಷಣದ ಪ್ರಸಾರವೆಂಬ ಮಾತು ಆ ಪಟ್ಟಿಗೆ ಸೇರಿದ್ದು 1927ರ ತಿದ್ದುಪಡಿಯಿಂದ. ಇಪ್ಪತ್ತನೆಯ ಶತಮಾನದ ಕನ್ನಡ ಸಂಘ, ವಾಚನಾಲಯ, ವಿದ್ಯಾವರ್ಧಕ ಸಂಸ್ಥೆಗಳಿಗೆ ಬೇಕಾದ ಕಾನೂನಿನ ಚೌಕಟ್ಟು ಹೀಗೆ ಅವು ಹುಟ್ಟುವ ಮೊದಲೇ ಸಿದ್ಧವಾಗಿತ್ತು.

ಕಾಯ್ದೆ ಕೇಳುವುದು ಸ್ವಲ್ಪ. ಏಳು ಅಥವಾ ಅದಕ್ಕಿಂತ ಹೆಚ್ಚು ಮಂದಿ ಜ್ಞಾಪನಾಪತ್ರಕ್ಕೆ ಸಹಿ ಹಾಕಬೇಕು. ಸಂಘದ ಹೆಸರು, ಉದ್ದೇಶ, ಆಡಳಿತ ಮಂಡಳಿಯ ಸದಸ್ಯರ ಹೆಸರು, ವಿಳಾಸ ಮತ್ತು ವೃತ್ತಿ ಅದರಲ್ಲಿರಬೇಕು. ನಿಯಮಾವಳಿಯ ಒಂದು ಪ್ರತಿಯೊಡನೆ ಅದನ್ನು ಜಾಯಿಂಟ್ ಸ್ಟಾಕ್ ಕಂಪೆನಿಗಳ ರಿಜಿಸ್ಟ್ರಾರರಿಗೆ ಸಲ್ಲಿಸಿದರೆ ನೋಂದಣಿಯಾಗುತ್ತದೆ. ಮೂಲ ಕಾಯ್ದೆ ನಿಗದಿಪಡಿಸಿದ್ದ ಶುಲ್ಕ 50 ರೂಪಾಯಿ; ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ನೋಂದಣಿಯ ಪ್ರಮಾಣಪತ್ರಕ್ಕೆ ಅವಧಿಯ ಮಿತಿ ಇರಲಿಲ್ಲ. ಅದನ್ನು ರದ್ದುಪಡಿಸುವ ಅಧಿಕಾರವನ್ನು ಮೂಲ ಕಾಯ್ದೆ ರಿಜಿಸ್ಟ್ರಾರರಿಗೆ ಕೊಡಲೇ ಇಲ್ಲ. ಸಂಘವನ್ನು ವಿಸರ್ಜಿಸಬೇಕಾದರೆ ಸದಸ್ಯರ ಐದರಲ್ಲಿ ಮೂರು ಪಾಲು ಒಪ್ಪಬೇಕು. ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಮತ್ತೊಂದು ಸಂಘಕ್ಕೆ ಕೊಡಬೇಕು.

ವರ್ಷಕ್ಕೊಮ್ಮೆ ಮಾಡಬೇಕಾದ ಕೆಲಸ ಒಂದೇ. ವಾರ್ಷಿಕ ಮಹಾಸಭೆಯ ನಂತರದ ಹದಿನಾಲ್ಕನೆಯ ದಿನದೊಳಗೆ, ಅಂತಹ ಸಭೆಯ ನಿಯಮವಿಲ್ಲದಿದ್ದರೆ ಜನವರಿ ತಿಂಗಳಲ್ಲಿ, ಆಡಳಿತ ಮಂಡಳಿಯ ಪಟ್ಟಿಯನ್ನು ಸಲ್ಲಿಸಬೇಕೆಂದು ನಾಲ್ಕನೆಯ ಸೆಕ್ಷನ್ ಹೇಳುತ್ತದೆ. ಸಲ್ಲಿಸದಿದ್ದರೆ ದಂಡವೇನೆಂದು ಅದು ಹೇಳುವುದಿಲ್ಲ. ಆದರೆ ಈ ಪಟ್ಟಿಯನ್ನು ಮುಂದಿನ ಎರಡು ಸೆಕ್ಷನ್‌ಗಳೊಡನೆ ಸೇರಿಸಿ ಓದಬೇಕು. ಧರ್ಮದರ್ಶಿಗಳನ್ನು ಬೇರೆಯಾಗಿ ನೇಮಿಸದಿದ್ದಲ್ಲಿ ಸಂಘದ ಆಸ್ತಿ ಆಡಳಿತ ಮಂಡಳಿಯಲ್ಲಿ ನಿಹಿತವಾಗಿರುತ್ತದೆಂದು ಐದನೆಯ ಸೆಕ್ಷನ್ ಹೇಳಿದರೆ, ಅಧ್ಯಕ್ಷ ಅಥವಾ ಕಾರ್ಯದರ್ಶಿಯಂತಹ ಪದಾಧಿಕಾರಿಯ ಹೆಸರಿನಲ್ಲಿ ದಾವೆ ಹೂಡಬಹುದೆಂದು ಆರನೆಯದು ಹೇಳುತ್ತದೆ. ಸಂಘದ ಜಾಗ ಯಾರ ಕೈಯಲ್ಲಿದೆ, ಸಂಘದ ಪರವಾಗಿ ಮಾತನಾಡುವವರು ಯಾರು ಎಂಬ ಪ್ರಶ್ನೆಗೆ ಸರ್ಕಾರದ ಬಳಿ ಇರುವ ಉತ್ತರ ಆ ವರ್ಷದ ಪಟ್ಟಿಯೇ. ದಂಡವಿಲ್ಲದ ಒಂದು ಕರ್ತವ್ಯಕ್ಕೆ ಇಷ್ಟು ತೂಕವಿದ್ದುದು ಬಹಳ ಮಂದಿಗೆ ತಿಳಿಯುತ್ತಿದ್ದುದು ವ್ಯಾಜ್ಯ ಎದ್ದಾಗ ಮಾತ್ರ.

ಗಡಿ ಸರಿಯಿತು, ಕಾಯ್ದೆ ಸರಿಯಲಿಲ್ಲ

ಏಕೀಕರಣಕ್ಕೆ ಮೊದಲು ಕನ್ನಡ ನಾಡಿನ ಸಂಘಗಳು ಒಂದೇ ಕಾಯ್ದೆಯಡಿ ಇರಲಿಲ್ಲ. ಮದರಾಸು ಮತ್ತು ಮುಂಬಯಿ ಪ್ರಾಂತ್ಯಗಳ ಕನ್ನಡ ಜಿಲ್ಲೆಗಳಲ್ಲಿ 1860ರ ಕಾಯ್ದೆ ನಡೆಯುತ್ತಿತ್ತು. ಮೈಸೂರು ಸಂಸ್ಥಾನ 1904ರಲ್ಲಿ ತನ್ನದೇ ಕಾನೂನನ್ನು ಮಾಡಿಕೊಂಡಿತ್ತು. ಉರ್ದು ಆಡಳಿತ ಭಾಷೆಯಾಗಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಫಸಲಿ 1350ರ, ಅಂದರೆ ಸುಮಾರು 1940-41ರ, ಸಾರ್ವಜನಿಕ ಸಂಘಗಳ ನೋಂದಣಿ ಕಾಯ್ದೆ ಬಂದಿತು.

1956ರ ನವೆಂಬರ್ 1ರಂದು ಗಡಿಗಳು ಬದಲಾದುವು. ಆದರೆ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೆಯ ಸೆಕ್ಷನ್ನಿನ ಪ್ರಕಾರ, ಹಿಂದೆ ಯಾವ ಪ್ರದೇಶದಲ್ಲಿ ಯಾವ ಕಾನೂನು ನಡೆಯುತ್ತಿತ್ತೋ ಅಧಿಕಾರವುಳ್ಳ ಶಾಸನಸಭೆ ಬದಲಾಯಿಸುವವರೆಗೆ ಅಲ್ಲಿ ಅದೇ ನಡೆಯಬೇಕು. 1953ರ ಆಂಧ್ರ ರಾಜ್ಯ ಕಾಯ್ದೆಯ ಕ್ರಮವೂ ಇದೇ ಆಗಿತ್ತು. ಹೀಗಾಗಿ ಆ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಬಳ್ಳಾರಿ ಮೈಸೂರಿಗೂ ಸೇರಿದಾಗ, ಎರಡೂ ಕಡೆಯ ಸಂಘಗಳು 1860ರ ಕಾಯ್ದೆಯಲ್ಲೇ ಉಳಿದವು. ಬಳ್ಳಾರಿಯ ಸಂಘಕ್ಕೂ ಚಿತ್ರದುರ್ಗದ ಸಂಘಕ್ಕೂ ರಾಜ್ಯ ಒಂದಾದರೂ ಕಾಯ್ದೆ ಬೇರೆಯಾಗಿತ್ತು. ಬಳ್ಳಾರಿಗೂ ಆದೋನಿಗೂ ರಾಜ್ಯ ಬೇರೆಯಾದರೂ ಕಾಯ್ದೆ ಒಂದೇ ಆಗಿತ್ತು.

ಮೈಸೂರು ರಾಜ್ಯ ಈ ಗೋಜಲನ್ನು 1960ರ ಸಂಘಗಳ ನೋಂದಣಿ ಕಾಯ್ದೆಯ ಮೂಲಕ ಬಗೆಹರಿಸಿತು. ರಾಜಕೀಯ ಏಕೀಕರಣವಾದ ನಾಲ್ಕು ವರ್ಷಕ್ಕೆ ರಾಜ್ಯದೊಳಗಿನ ಸಂಘಗಳ ಕಾನೂನಿನ ಏಕೀಕರಣವೂ ಆಯಿತೆನ್ನಬಹುದು. ಅಲ್ಲಿಂದ ಮುಂದೆ ಗಡಿಯ ಎರಡು ಬದಿಗಳ ದಾರಿ ಬೇರೆಯಾಯಿತು. ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋದ ಕಾಸರಗೋಡು ಹಳೆಯ ಕಾಯ್ದೆಯಲ್ಲಿ ಉಳಿಯಿತು. ಮಂಗಳೂರು ಹೊಸದಕ್ಕೆ ಬಂದಿತು. ಕೊಯಮತ್ತೂರು ಜಿಲ್ಲೆಯಿಂದ ಮೈಸೂರಿಗೆ ಬಂದ ಕೊಳ್ಳೇಗಾಲ ಹೊಸ ಕಾಯ್ದೆಗೆ ಒಳಪಟ್ಟಿತು. ಅದೇ ಜಿಲ್ಲೆಯಲ್ಲಿ ಉಳಿದ ತಾಳವಾಡಿ ಹಳೆಯದರಲ್ಲೇ ಇತ್ತು. ಪೋರ್ಚುಗೀಸ್ ಕಾನೂನಿನಡಿಯಿದ್ದ ಗೋವಾಕ್ಕಂತೂ ಭಾರತದ ಸಂಘ ಕಾಯ್ದೆ ಬಂದದ್ದೇ 1961ರ ವಿಮೋಚನೆಯ ಬಳಿಕ.

ಇದರ ಒಂದು ಫಲ ಜ್ಞಾಪನಾಪತ್ರದ ಭಾಷೆಯಲ್ಲಿ ಕಾಣುತ್ತದೆ. ತನ್ನ ಕಾರ್ಯಕ್ಷೇತ್ರ ದಕ್ಷಿಣ ಕನ್ನಡ ಜಿಲ್ಲೆ ಎಂದು ಬರೆದುಕೊಂಡಿದ್ದ ಕಾಸರಗೋಡಿನ ಯಾವುದೇ ಸಂಘದ ನೆಲ 1956ರ ಬಳಿಕ ಆ ವಾಕ್ಯದಿಂದ ಹೊರಗುಳಿಯಿತು. ಉದ್ದೇಶವನ್ನು ತಿದ್ದಬೇಕಾದರೆ 1860ರ ಕಾಯ್ದೆಯ 12ನೆಯ ಸೆಕ್ಷನ್ನಿನಂತೆ ವಿಶೇಷ ಸಭೆ ಕರೆದು ಐದರಲ್ಲಿ ಮೂರು ಪಾಲು ಮತ ಪಡೆಯಬೇಕು. ಒಂದು ತಿಂಗಳ ಅಂತರದ ಮತ್ತೊಂದು ಸಭೆಯಲ್ಲಿ ಅಷ್ಟೇ ಮತಗಳಿಂದ ಅದನ್ನು ದೃಢಪಡಿಸಬೇಕು. ಕಾಸರಗೋಡು ಮುಂದೆ ಕಣ್ಣೂರು ಜಿಲ್ಲೆಗೆ ಸೇರಿತ್ತು. 1984ರಲ್ಲಿ ತಾನೇ ಜಿಲ್ಲೆಯಾಯಿತು. ಅಕ್ಟೋಬರ್ 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದಿತು, ಅದು ಜಾರಿಯಾಗಲಿಲ್ಲ. ಗಡಿಯ ಪ್ರಶ್ನೆ ತೀರ್ಮಾನಕ್ಕಾಗಿ ಕಾಯುತ್ತಿದ್ದ ಕಾಲದಲ್ಲೂ ಸಂಘಗಳು ಇದ್ದ ರಾಜ್ಯದ ಕಚೇರಿಗೆ ಪಟ್ಟಿ ಸಲ್ಲಿಸಲೇಬೇಕಾಗಿತ್ತು. ಕರ್ನಾಟಕಕ್ಕೆ ಸೇರಬೇಕೆಂಬ ಬೇಡಿಕೆ ಮತ್ತು ಕೇರಳದ ಕಚೇರಿಯ ನಮೂನೆ ಒಂದೇ ಕಾರ್ಯದರ್ಶಿಯ ಕೈಬರಹದಲ್ಲಿ ಇರಬಹುದಾದ ಕಾಲ ಅದು.

ಕವಲೊಡೆದ ಕಾನೂನು

ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯ 32ನೆಯ ನಮೂದು ಸಾಹಿತ್ಯಕ, ವೈಜ್ಞಾನಿಕ, ಧಾರ್ಮಿಕ ಸಂಘಗಳನ್ನು ರಾಜ್ಯಗಳ ಅಧಿಕಾರಕ್ಕೆ ಒಪ್ಪಿಸಿದೆ. ಆದ್ದರಿಂದ ಕವಲುಗಳು ಹೆಚ್ಚುತ್ತಲೇ ಹೋದುವು.

ಇವುಗಳಲ್ಲಿ ಎಲ್ಲಕ್ಕಿಂತ ಭಾರವಾದುದು ಮುಂಬಯಿ ಪ್ರಾಂತ್ಯದ ಕವಲು. 1950ರ ಮುಂಬಯಿ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆ, 1860ರ ಕಾಯ್ದೆಯಡಿ ನೋಂದಣಿಯಾದ ಧಾರ್ಮಿಕ ಅಥವಾ ಧರ್ಮಾರ್ಥ ಸಂಘವನ್ನೂ ಸಾರ್ವಜನಿಕ ಟ್ರಸ್ಟ್ ಎಂದೇ ಪರಿಗಣಿಸಿತು. ಶಿಕ್ಷಣ ಅದರ ಧರ್ಮಾರ್ಥ ಉದ್ದೇಶಗಳಲ್ಲಿ ಒಂದು. 1948ರಲ್ಲಿ ಮುಂಬಯಿಗೆ ವಿಲೀನವಾದ ಅಕ್ಕಲಕೋಟೆ ಮತ್ತು ಜತ್ತ ಸಂಸ್ಥಾನಗಳ ಪ್ರದೇಶದಲ್ಲಿ, ಸೊಲ್ಲಾಪುರದಲ್ಲಿ, ಒಂದು ಕನ್ನಡ ಶಿಕ್ಷಣ ಸಂಸ್ಥೆ ಎರಡು ಬಾರಿ ನೋಂದಣಿಯಾಗಬೇಕು: ಸಂಘವಾಗಿ ಒಮ್ಮೆ, ಟ್ರಸ್ಟ್ ಆಗಿ ಇನ್ನೊಮ್ಮೆ. ಪದಾಧಿಕಾರಿಗಳು ಬದಲಾದರೆ ತೊಂಬತ್ತು ದಿನದೊಳಗೆ ತಿಳಿಸಬೇಕು. ಅಲ್ಲಿ ಎಲ್ಲರ ಬಾಯಲ್ಲಿರುವ ‘ಚೇಂಜ್ ರಿಪೋರ್ಟ್’ ಇದೇ. ಇದರ ಮೇಲೆ ವಿಚಾರಣೆ ನಡೆದ ಬಳಿಕವೇ ದಾಖಲೆಯಲ್ಲಿ ಹೊಸ ಹೆಸರು ಬರೆಯಲ್ಪಡುತ್ತದೆ. ಸ್ಥಿರಾಸ್ತಿಯನ್ನು ಮಾರಲು ಧರ್ಮಾದಾಯ ಆಯುಕ್ತರ ಪೂರ್ವಾನುಮತಿ ಬೇಕು. ಮೂಲ ಕಾಯ್ದೆಯಲ್ಲಿ ಪಟ್ಟಿ ಸಲ್ಲಿಸುವುದು ಮಾಹಿತಿಯಾಗಿತ್ತು. ಇಲ್ಲಿ ಅದು ಅರ್ಧ ನ್ಯಾಯಾಲಯದ ಪ್ರಕ್ರಿಯೆಯಾಯಿತು. ವಿಜಾಪುರ, ಬೆಳಗಾವಿ ಕಡೆಯ ಸಂಸ್ಥೆಗಳಿಗೂ ಇದು ಅಪರಿಚಿತವಲ್ಲ. ಕಾಯ್ದೆ ಗಡಿಯೊಡನೆ ಸರಿಯಲಿಲ್ಲವಾದ್ದರಿಂದ, ಮುಂಬಯಿ ಟ್ರಸ್ಟ್ ಕಾಯ್ದೆ 1956ರ ನಂತರವೂ ದಶಕಗಳ ಕಾಲ ಬೆಳಗಾವಿ ವಿಭಾಗದಲ್ಲಿ ನಡೆದುಕೊಂಡು ಬಂದಿತ್ತು.

ತಮಿಳುನಾಡು 1975ರಲ್ಲಿ ತನ್ನದೇ ಕಾಯ್ದೆಯನ್ನು ಮಾಡಿತು. 1978ರಲ್ಲಿ ಅದು ಜಾರಿಗೆ ಬಂದಿತು. ನೀಲಗಿರಿ, ಹೊಸೂರು, ತಾಳವಾಡಿಗಳ ಕನ್ನಡ ಸಂಘಗಳು ಅದರ ವ್ಯಾಪ್ತಿಗೆ ಬಂದುವು. ನಿಗದಿತ ಗಾತ್ರವನ್ನು ಮೀರಿದ ಸಂಘಕ್ಕೆ ನೋಂದಣಿ ಕಡ್ಡಾಯ, ವಾರ್ಷಿಕ ಲೆಕ್ಕಪತ್ರ ಸಲ್ಲಿಕೆ ಕಡ್ಡಾಯ, ನಿಷ್ಕ್ರಿಯವೆಂದು ಕಂಡ ಸಂಘದ ಹೆಸರನ್ನು ದಾಖಲೆಯಿಂದ ತೆಗೆದುಹಾಕುವ ಅಧಿಕಾರ ರಿಜಿಸ್ಟ್ರಾರರಿಗೆ: ಈ ಮೂರೂ 1860ರ ಕಾಯ್ದೆಯಲ್ಲಿ ಇರಲಿಲ್ಲ. ಆಂಧ್ರಪ್ರದೇಶದಲ್ಲಿ ಆದೋನಿ, ಮಡಕಶಿರಾ ಕಡೆ 1860ರ ಕಾಯ್ದೆಯೂ, ತೆಲಂಗಾಣದ ನಾರಾಯಣಪೇಟೆ ಕಡೆ ಫಸಲಿ 1350ರ ಕಾಯ್ದೆಯೂ ನಲವತ್ತೈದು ವರ್ಷ ಜೊತೆಜೊತೆಯಾಗಿ ನಡೆದು, 2001ರ ಕಾಯ್ದೆಯಲ್ಲಿ ಒಂದಾದುವು. 2014ರಲ್ಲಿ ರಾಜ್ಯ ಮತ್ತೆ ಎರಡಾದಾಗ ಹಳೆಯ ತತ್ತ್ವವೇ ಮರುಕಳಿಸಿತು. ಕಾಯ್ದೆ ಎರಡೂ ಕಡೆ ಉಳಿಯಿತು. ಕೇರಳದಲ್ಲಿ ತಿರುವಾಂಕೂರು-ಕೊಚ್ಚಿ ಭಾಗಕ್ಕೆ 1955ರ ಪ್ರತ್ಯೇಕ ಕಾಯ್ದೆಯಿದ್ದರೆ, ಕಾಸರಗೋಡು ಮತ್ತು ವಯನಾಡು ಸೇರಿದ ಮಲಬಾರ್ ಭಾಗದಲ್ಲಿ 1860ರದೇ ಮುಂದುವರಿಯಿತು.

ಕಚೇರಿಗಳೂ ಒಂದೇ ಬಗೆಯವಲ್ಲ. ಕರ್ನಾಟಕದಲ್ಲಿ ಸಂಘಗಳ ನೋಂದಣಿ ಸಹಕಾರ ಇಲಾಖೆಯ ಕೆಲಸ. ಕೇರಳ, ತಮಿಳುನಾಡು, ಆಂಧ್ರಗಳಲ್ಲಿ ದಸ್ತಾವೇಜುಗಳ ನೋಂದಣಿ ಇಲಾಖೆಯದು. ಮಹಾರಾಷ್ಟ್ರದಲ್ಲಿ ಧರ್ಮಾದಾಯ ಆಯುಕ್ತರ ಕಚೇರಿಯದು. ಇನ್ನು ಭಾಷೆಯ ಪ್ರಶ್ನೆ. ಸಂವಿಧಾನದ 350ನೆಯ ವಿಧಿ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಕೊಡುತ್ತದೆ. ವಾರ್ಷಿಕ ಪಟ್ಟಿ ಕುಂದುಕೊರತೆಯ ಮನವಿಯಲ್ಲ, ಶಾಸನಬದ್ಧ ಸಲ್ಲಿಕೆ. ಕನ್ನಡವನ್ನು ಉಳಿಸಿ ಬೆಳೆಸುವುದೇ ಉದ್ದೇಶವೆಂದು ಬರೆದುಕೊಂಡ ಸಂಘಕ್ಕೂ ತಾನು ಇದ್ದೇನೆಂದು ತನ್ನ ಭಾಷೆಯಲ್ಲಿ ಹೇಳಿಕೊಳ್ಳುವ ಹಕ್ಕನ್ನು ಈ ವಿಧಿ ಖಾತರಿಪಡಿಸುವುದಿಲ್ಲ.

ನವೀಕರಣವೆಂಬ ಹೊಸ ಕಲ್ಪನೆ

ಕರ್ನಾಟಕದ ಸಂಘಗಳವರು ವಾರ್ಷಿಕ ಪಟ್ಟಿ, ಲೆಕ್ಕಪತ್ರಗಳ ಸಲ್ಲಿಕೆಯನ್ನು ರೂಢಿಯಲ್ಲಿ ‘ನವೀಕರಣ’ ಎನ್ನುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಅದು ನವೀಕರಣವಲ್ಲ. ಅವಧಿ ಮುಗಿಯುವ ಪ್ರಮಾಣಪತ್ರಕ್ಕೆ ಮಾತ್ರ ನವೀಕರಣ ಬೇಕು. ಅವಧಿಯುಳ್ಳ ನೋಂದಣಿಯನ್ನು ಉತ್ತರ ಪ್ರದೇಶ 1975ರ ತಿದ್ದುಪಡಿಯಿಂದ ತಂದಿತು. ಕೇಂದ್ರದ ಕಾನೂನುಗಳಲ್ಲಿ ಅದು ಬೇರೆ ದಾರಿಯಿಂದ ಬಂದಿತು. 1976ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿಗೆ ಅವಧಿ ಇರಲಿಲ್ಲ. ಅದರ ಸ್ಥಾನದಲ್ಲಿ 2011ರ ಮೇ 1ರಿಂದ ಜಾರಿಯಾದ 2010ರ ಕಾಯ್ದೆ ಐದು ವರ್ಷದ ಅವಧಿಯನ್ನು ವಿಧಿಸಿತು. ಆದಾಯ ತೆರಿಗೆ ವಿನಾಯಿತಿಗಾಗಿ 1973ರಲ್ಲಿ ಆರಂಭವಾದ ನೋಂದಣಿಯೂ ಒಮ್ಮೆ ಪಡೆದರೆ ಮುಗಿಯಿತು ಎಂಬಂತಿತ್ತು. 2020ರ ಹಣಕಾಸು ಕಾಯ್ದೆ ಅದನ್ನು ಬದಲಾಯಿಸಿ, 2021ರ ಏಪ್ರಿಲ್‌ನಿಂದ ಹಳೆಯ ಸಂಸ್ಥೆಗಳೂ ಹೊಸದಾಗಿ ಅರ್ಜಿ ಹಾಕಿ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕೆಂದಿತು. ಸಣ್ಣ ಸಂಸ್ಥೆಗಳಿಗೆ ಇದು ಹೊರೆಯೆಂದು ಮನಗಂಡು 2025ರಲ್ಲಿ, ವಾರ್ಷಿಕ ಆದಾಯ 5 ಕೋಟಿ ರೂಪಾಯಿ ಮೀರದವುಗಳಿಗೆ ಈ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಲಾಯಿತು.

ಈ ಬದಲಾವಣೆಗಳಿಗೆ ಕಾರಣಗಳಿದ್ದವು. ಹೆಸರಿಗಷ್ಟೇ ಇರುವ ಸಂಘಗಳು, ತೆರಿಗೆ ತಪ್ಪಿಸುವ ಟ್ರಸ್ಟುಗಳು ಕಲ್ಪನೆಯ ಮಾತಲ್ಲ. ಸಾರ್ವಜನಿಕ ಹಣ ಮತ್ತು ಆಸ್ತಿಯನ್ನು ಹಿಡಿದಿರುವ ಸಂಸ್ಥೆ ಲೆಕ್ಕ ಕೊಡಬೇಕೆಂಬುದು ನ್ಯಾಯವೇ. ಆದರೆ ಸಂಬಳದ ಗುಮಾಸ್ತರೂ ಲೆಕ್ಕಪರಿಶೋಧಕರೂ ಇರುವ ನಗರದ ಸಂಸ್ಥೆಗೂ, ನಿವೃತ್ತ ಅಧ್ಯಾಪಕರೊಬ್ಬರು ಕಾರ್ಯದರ್ಶಿಯಾಗಿ ನಡೆಸುವ ಹಳ್ಳಿಯ ವಾಚನಾಲಯಕ್ಕೂ ಕಾನೂನು ಕೇಳುವ ಕಾಗದ ಬಹುಮಟ್ಟಿಗೆ ಒಂದೇ. ಗಡಿಯಾಚೆಯ ಕನ್ನಡ ಸಂಘಗಳಲ್ಲಿ ಎರಡನೆಯ ಬಗೆಯವು ಕಡಿಮೆಯಲ್ಲ. ಹಿರಿಯರು ಕನ್ನಡದಲ್ಲಿ ನಡಾವಳಿ ಬರೆದರು. ಮುಂದಿನ ತಲೆಮಾರು ರಾಜ್ಯಭಾಷೆಯ ಮಾಧ್ಯಮದಲ್ಲಿ ಓದಿತು. ಅದಕ್ಕೆ ಕಚೇರಿಯ ನಮೂನೆ ಸುಲಭ, ಹಳೆಯ ನಡಾವಳಿ ಪುಸ್ತಕ ಕಷ್ಟ. ಪಟ್ಟಿ ಸಲ್ಲಿಕೆ ನಾಲ್ಕಾರು ವರ್ಷ ತಪ್ಪಿಹೋಗಲು ಇಷ್ಟು ಸಾಕು.

ಪತ್ರದ ಹಿಂದಿನ ಹಕ್ಕು

ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕೆಲವು ತೀರ್ಪುಗಳ ಬೆಳಕಿನಲ್ಲಿ ನೋಡಬಹುದು. ದೆಹಲಿಯ ತಿಬ್ಬಿಯಾ ಕಾಲೇಜಿನ ಪ್ರಕರಣದಲ್ಲಿ, 1960ರ ದಶಕದ ಆರಂಭದಲ್ಲಿ, ಸರ್ವೋಚ್ಚ ನ್ಯಾಯಾಲಯ 1860ರ ಕಾಯ್ದೆಯಡಿ ನೋಂದಣಿಯಾದ ಸಂಘ ಪೂರ್ಣ ಅರ್ಥದ ನಿಗಮವಲ್ಲವೆಂದು ಹೇಳಿತು. ಸಂಘ ಕಂಪೆನಿಯಂತೆ ತನ್ನಷ್ಟಕ್ಕೆ ಆಸ್ತಿಯನ್ನು ಹೊಂದಿದ ವ್ಯಕ್ತಿಯಲ್ಲ ಎಂದಾದಾಗ ಆಡಳಿತ ಮಂಡಳಿಯ ಪಟ್ಟಿಯ ಬೆಲೆ ಇನ್ನಷ್ಟು ಏರುತ್ತದೆ.

ಇನ್ನೊಂದು ತೀರ್ಪು ಸಾಹಿತ್ಯ ಸಂಸ್ಥೆಗೇ ಸಂಬಂಧಿಸಿದ್ದು. 1910ರಲ್ಲಿ ಆರಂಭವಾಗಿ 1860ರ ಕಾಯ್ದೆಯಡಿ ನೋಂದಣಿಯಾಗಿದ್ದ ಅಲಹಾಬಾದಿನ ಹಿಂದಿ ಸಾಹಿತ್ಯ ಸಮ್ಮೇಳನವನ್ನು ಸಂಸತ್ತು 1962ರ ಕಾಯ್ದೆಯಿಂದ ಶಾಸನಬದ್ಧ ಸಂಸ್ಥೆಯನ್ನಾಗಿಸಿ, ಸದಸ್ಯತ್ವದ ಸ್ವರೂಪವನ್ನೇ ಬದಲಿಸಿತು. 1971ರಲ್ಲಿ ದಮಯಂತಿ ನರಂಗಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾಯ್ದೆಯನ್ನು ರದ್ದುಗೊಳಿಸಿತು. ಸಂಘ ಕಟ್ಟುವ ಹಕ್ಕಿನಲ್ಲಿ, ತಾವು ಒಪ್ಪಿ ಸೇರಿಸಿಕೊಂಡವರೊಡನೆ ಮಾತ್ರ ಸಂಘವಾಗಿ ಮುಂದುವರಿಯುವ ಹಕ್ಕೂ ಅಡಗಿದೆ ಎಂಬುದು ಅದರ ಸಾರ. ಸದಸ್ಯರು ಯಾರೆಂದು ತೋರಿಸುವ ದಾಖಲೆಯಿಲ್ಲದ ಸಂಘ ಈ ರಕ್ಷಣೆಯನ್ನು ಬೇಡುವುದು ಕಷ್ಟ.

ಭಾಷಾ ಅಲ್ಪಸಂಖ್ಯಾತರಿಗೆ ಇದಕ್ಕಿಂತ ದೊಡ್ಡದು 30ನೆಯ ವಿಧಿ. ಡಿ.ಎ.ವಿ. ಕಾಲೇಜು ಪ್ರಕರಣ (1971) ಮತ್ತು ಟಿ.ಎಂ.ಎ. ಪೈ ಪ್ರತಿಷ್ಠಾನ ಪ್ರಕರಣ (2002) ಸ್ಪಷ್ಟಪಡಿಸಿದ ತತ್ತ್ವವೆಂದರೆ, ಭಾಷಾ ಅಲ್ಪಸಂಖ್ಯಾತರಾರು ಎಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನೋಡಬೇಕು. ಕಾಸರಗೋಡಿನ, ಅಕ್ಕಲಕೋಟೆಯ, ಹೊಸೂರಿನ ಕನ್ನಡಿಗರು ತಮ್ಮ ಶಾಲೆಗಳನ್ನು ‘ಸ್ಥಾಪಿಸಿ, ಆಡಳಿತ ನಡೆಸುವ’ ಹಕ್ಕಿಗೆ ಇದು ತಳಹದಿ. ಆದರೆ 2004ರ ರಾಷ್ಟ್ರೀಯ ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳ ಆಯೋಗದ ವ್ಯಾಪ್ತಿ ಕೇಂದ್ರ ಅಧಿಸೂಚಿಸಿದ ಧಾರ್ಮಿಕ ಅಲ್ಪಸಂಖ್ಯಾತರಿಗೆ ಸೀಮಿತ. ಭಾಷೆಯ ಆಧಾರದ ಸಂಸ್ಥೆ ತನ್ನ ರಾಜ್ಯ ಸರ್ಕಾರದೆದುರೇ, ಬೇಕಾದರೆ ನ್ಯಾಯಾಲಯದೆದುರು, ರುಜುವಾತು ಒದಗಿಸಬೇಕು. ಯಾವ ರುಜುವಾತು? 1967ರ ಅಜೀಜ್ ಬಾಷಾ ತೀರ್ಪನ್ನು ತಳ್ಳಿಹಾಕಿದ 2024ರ ನವೆಂಬರ್ 8ರ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ತೀರ್ಪಿನಲ್ಲಿ ನಾಲ್ವರು ನ್ಯಾಯಮೂರ್ತಿಗಳ ಬಹುಮತ, ಕಾನೂನಿನ ಹೊರರೂಪವೊಂದನ್ನೇ ನೋಡದೆ, ಸಂಸ್ಥೆಯ ಕಲ್ಪನೆ ಯಾರದು, ಉದ್ದೇಶವೇನು, ಹಣ ಮತ್ತು ಜಾಗ ಎಲ್ಲಿಂದ ಬಂದುವು ಎಂಬುದನ್ನು ಪರಿಶೀಲಿಸಬೇಕೆಂದಿತು. ಧಾರ್ಮಿಕ ಅಲ್ಪಸಂಖ್ಯಾತರ ಪ್ರಕರಣದಲ್ಲಿ ಬಂದ ತೀರ್ಪಾದರೂ, 30ನೆಯ ವಿಧಿ ಧರ್ಮ ಮತ್ತು ಭಾಷೆಗಳನ್ನು ಒಟ್ಟಿಗೇ ಹೇಳುವುದರಿಂದ ಅದರ ತರ್ಕ ನಮಗೂ ಸಲ್ಲುತ್ತದೆ. ಸ್ಥಾಪನೆಯ ಕಾಲದ ಪತ್ರವ್ಯವಹಾರ, ದೇಣಿಗೆಯ ಪಟ್ಟಿ, ಮೊದಲ ಏಳು ಸಹಿಗಳು, ಉದ್ದೇಶದ ವಾಕ್ಯ ಇವೆಲ್ಲ ಈಗ ಸಂವಿಧಾನಾತ್ಮಕ ಸಾಕ್ಷ್ಯ.

ಕಡತವನ್ನು ಓದುವ ಬಗೆ

ಆದ್ದರಿಂದ ಈ ಕಡತಗಳ ಸಂಗ್ರಹ ಮತ್ತು ಓದು ಸಂಶೋಧನೆಗೂ ಸಮುದಾಯಕ್ಕೂ ಒಟ್ಟಿಗೇ ಬೇಕಾದ ಕೆಲಸ. 1860ರ ಕಾಯ್ದೆಯ 19ನೆಯ ಸೆಕ್ಷನ್ ಸಲ್ಲಿಕೆಯಾದ ದಾಖಲೆಗಳನ್ನು ಯಾರು ಬೇಕಾದರೂ ಶುಲ್ಕ ತೆತ್ತು ನೋಡಬಹುದು, ದೃಢೀಕೃತ ಪ್ರತಿ ಪಡೆಯಬಹುದು ಎಂದು ಹೇಳುತ್ತದೆ. ಮೂಲ ಕಾಯ್ದೆಯಲ್ಲಿ ನೋಡುವ ಶುಲ್ಕ ಒಂದು ರೂಪಾಯಿ. ಹಳೆಯ ಕಾಯ್ದೆ ಉಳಿದಿರುವ ಕಾಸರಗೋಡು, ವಯನಾಡುಗಳಲ್ಲಿ ಕೆಲಸವನ್ನು ಇಲ್ಲಿಂದ ಆರಂಭಿಸಬಹುದು.

ಓದುವಾಗ ಗಮನಿಸಬೇಕಾದವು ಹಲವು. ಪಟ್ಟಿಯಲ್ಲಿ ವೃತ್ತಿಯ ಕಾಲಂ ಇರುವುದರಿಂದ ಒಂದು ಊರಿನ ಕನ್ನಡ ಕೆಲಸದ ಮುಂದಾಳತ್ವ ವಕೀಲರಿಂದ ಅಧ್ಯಾಪಕರಿಗೆ, ಭೂಮಾಲೀಕರಿಂದ ನೌಕರರಿಗೆ ಯಾವಾಗ ದಾಟಿತು ಅಥವಾ ದಾಟಲಿಲ್ಲ ಎಂಬುದನ್ನು ವರ್ಷ ಹಿಡಿದು ಹೇಳಬಹುದು. ಮಹಿಳೆಯರ ಹೆಸರು ಮೊದಲು ಕಾಣಿಸಿಕೊಂಡ ವರ್ಷವನ್ನು ಗುರುತಿಸಬಹುದು. ಜ್ಞಾಪನಾಪತ್ರ ಯಾವ ಭಾಷೆಯಲ್ಲಿದೆ, ‘ಕನ್ನಡ’ ಎಂಬ ಪದ ಉದ್ದೇಶದ ವಾಕ್ಯದಲ್ಲಿದೆಯೇ ಅಥವಾ ಹೆಸರಿನಲ್ಲಷ್ಟೇ ಇದೆಯೇ, 1956ರ ಬಳಿಕ ಆ ವಾಕ್ಯವನ್ನು ತಿದ್ದಿದರೇ ಎಂಬ ಪ್ರಶ್ನೆಗಳು ಪಠ್ಯವಿಮರ್ಶೆಯ ಪ್ರಶ್ನೆಗಳೇ. ಮಂಗಳೂರು-ಕಾಸರಗೋಡು, ಬಳ್ಳಾರಿ-ಆದೋನಿ, ಕೊಳ್ಳೇಗಾಲ-ತಾಳವಾಡಿ, ವಿಜಾಪುರ-ಜತ್ತಗಳನ್ನು ಜೋಡಿಯಾಗಿ ಓದಿದರೆ, ಒಂದೇ ಬಗೆಯ ಸಂಸ್ಥೆಗಳನ್ನು ಬೇರೆ ಬೇರೆ ಕಾನೂನುಗಳು ಹೇಗೆ ರೂಪಿಸಿದುವೆಂಬುದು ತಿಳಿಯುತ್ತದೆ.

ಸಂಘಗಳ ಕಡೆಯಿಂದ ಆಗಬೇಕಾದುದು ಇನ್ನೂ ಸರಳ: ಸಲ್ಲಿಸಿದ ಪ್ರತಿ ಪಟ್ಟಿಯ ಸ್ವೀಕೃತಿಯನ್ನು ಜೋಪಾನ ಮಾಡುವುದು, ಸ್ಥಾಪನಾ ಕಾಲದ ಕನ್ನಡ ನಡಾವಳಿಗಳ ಛಾಯಾಪ್ರತಿ ತೆಗೆದಿಡುವುದು, ತಪ್ಪಿದ ವರ್ಷಗಳ ಸಲ್ಲಿಕೆಯನ್ನು ವ್ಯಾಜ್ಯ ಬರುವ ಮೊದಲೇ ಸರಿಪಡಿಸಿಕೊಳ್ಳುವುದು. ಸ್ಥಾಪಕ ಸದಸ್ಯರನ್ನು ಬಲ್ಲವರ ತಲೆಮಾರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸಗಳು ನಡೆಯಬೇಕು. ಹಳೆಯ ಪಟ್ಟಿಯಲ್ಲಿರುವ ಒಂದು ಹೆಸರು ಯಾರದೆಂದು, ಆ ಜಾಗ ಯಾರು ಕೊಟ್ಟದ್ದೆಂದು, ಹೇಳಬಲ್ಲವರು ಅವರೇ.